ಎಷ್ಟು ದಿನ ಅಂತ ಹೇಳ್ರಿ

ನನ್ನ ಕೈಯಲ್ಲೊಂದು ಯಂತ್ರ, ಅರ್ಧ ಇಟ್ಟಿಗೆಯಷ್ಟು.
ಗಾಡಿಯ ನಂಬರು ಕೇಳುತ್ತದೆ, ತಪ್ಪೇನೆಂದು ಕೇಳುತ್ತದೆ,
ಸರ್ಕಲ್ಲಿನ ಹೆಸರು ಕೇಳಿ, ಬಿಸಿಲಿಗೆ ಮಂಕಾಗಿ,
ಗಾಜಿನಲ್ಲಿ ನನ್ನದೇ ಮುಖ ತೋರಿಸುತ್ತದೆ.
ದುಡಿಮೆ ಎಷ್ಟು ಎಂದು ಮಾತ್ರ
ಯಾರನ್ನೂ ಕೇಳುವುದಿಲ್ಲ.

ಏಪ್ರಿಲ್ಲು. ರಾಯಲ್ ಸರ್ಕಲ್ಲು. ಹನ್ನೊಂದೂವರೆಗೇ
ಕೋಟೆಗುಡ್ಡ ರೊಟ್ಟಿಹಂಚಿನ ಹಾಗೆ ಕಾದಿತ್ತು,
ಡಾಂಬರು ಬೂಟಿನ ಅಟ್ಟೆ ಹಿಡಿದು ಬಿಡುತ್ತಿರಲಿಲ್ಲ.
ಹೊನ್ನೂರಬೀ ಸಿಕ್ಕಿದ್ದು ಆಗ.
ಹಳೆ ಮೊಪೆಡ್ಡು, ಕಾಲ ಬಳಿ ಕತ್ತರಿಸಿದ ಜೀನ್ಸಿನ ಗಂಟು,
ತಲೆಯ ಮೇಲೆ ಸೆರಗು ಬಿಟ್ಟರೆ ಬೇರೇನಿಲ್ಲ.
"ಐನೂರು" ಅಂದೆ.
ಅಳಲಿಲ್ಲ. ಯಾರಿಗೂ ಫೋನು ಹಚ್ಚಲಿಲ್ಲ.
ಬೆರಳು ಮಡಚತೊಡಗಿದಳು.
"ಹಿಂದಿನ ಜೇಬು, ಜೋಡಿಗೆ ನಾಕು ರೂಪಾಯಿ ಸಾರ್.
ದಾರ ನಂದೇ. ಕರೆಂಟು ಹೋದ್ರ ಕೂಲಿನೂ ಹೋತು.
ರೂಪಾಯ್ದಾಗ ಹೇಳಬ್ಯಾಡ್ರಿ, ನಂಗ ತಿಳಿಯಂಗಿಲ್ಲ.
ಎಷ್ಟು ದಿನ ಅಂತ ಹೇಳ್ರಿ."

ಯಂತ್ರದಲ್ಲಿ ದಿನದ ಗುಂಡಿ ಇಲ್ಲ.
ನಾನೇ ಗುಣಿಸಿ ಭಾಗಿಸಿದೆ: ನೂರಿಪ್ಪತ್ತೈದು ಜೋಡಿ.
"ಎರಡು ದಿನ ಆಗಬಹುದು" ಎಂದೆ, ನನ್ನ ದನಿ ನನಗೇ ಸಣ್ಣದಾಗಿ.
ರಸೀದಿ ಹರಿದು ಕೊಟ್ಟೆ.
ಅವಳ ಹೆಬ್ಬೆರಳ ನೀಲಿ ಅಂಚಿಗೆ ಹತ್ತಿತು,
ತೊಳೆದರೆ ಹೋಗದ ನೀಲಿ, ಉಗುರಿನ ಬುಡದ್ದು.

ಹತ್ತು ನಿಮಿಷಕ್ಕೆ ಬಿಳಿ ಕಾರು, ಕೆಂಪು ದೀಪ ದಾಟಿ.
ಅದೇ ಐನೂರು.
ಹಿಂದಿನ ಗಾಜು ನಾಲ್ಕು ಬೆರಳು ಇಳಿದು
ಒಳಗಿನ ತಂಪು ನನ್ನ ಮೊಣಕೈ ತಾಕಿ ಹೋಯಿತು.
ಸಾಹುಕಾರರು ನಕ್ಕರು. ಇವರಿಗದು ಎಷ್ಟು ದಿನ?
ಒಂದು ಕೆಮ್ಮು. ಅರ್ಧ ಆಕಳಿಕೆ.
ನಿಂತಲ್ಲೇ ಕಾನೂನು ಬರೆದೆ ಮನಸ್ಸಿನಲ್ಲಿ:
ಇವರಿಗೂ ಎರಡು ದಿನ, ಹೆಚ್ಚು ಬೇಡ, ಎರಡೇ ದಿನ,
ಅದಿರಿನ ಗುಡ್ಡ ಎರಡು ದಿನ ಕೊಡುವಷ್ಟು.
ಅಂಕಿ ಗಾಜಿನಲ್ಲಿ ಹಿಡಿಸದೆ
ಅಂಚಿನಿಂದ ರಸ್ತೆಗೆ ಚೆಲ್ಲಬೇಕು.

ಆಗ ಸ್ಟೇರಿಂಗಿನವನು ಪರ್ಸು ತೆಗೆದ.
ಎರ್ರೆಪ್ಪ, ಹನ್ನೆರಡು ಸಾವಿರ ಪಗಾರ.
"ದಂಡ ಬಿದ್ರ ಡ್ರೈವರಂದೇ ಸಾರ್. ಸೇರುವಾಗ್ಲೇ ಮಾತಾಗೈತಿ."
ಹಿಂದಿನಿಂದ: "ಲಗೂ ನಡಿಯೋ."
ಕಾಲು ಇವನದು, ಅವಸರ ಅವರದು.
ನನ್ನ ಹೊಸ ಕಾನೂನಿನಲ್ಲಿ ಇವನಿಗೆ ಎಂಟುನೂರು;
ಇದ್ದ ಕಾನೂನೇ ಮುನ್ನೂರು ಅಗ್ಗ.

ರಾತ್ರಿ ಒಗ್ಗಾಣಿ ಮುಂದಿಟ್ಟುಕೊಂಡು ಹೆಂಡತಿಗೆ ಹೇಳಿದೆ.
ಮಿರ್ಚಿಯ ತೊಟ್ಟು ಮುರಿಯುತ್ತ ಅವಳೆಂದಳು:
"ಕಾಗದದ ಮ್ಯಾಲೆ ಸಾಹುಕಾರ ಯಾವಾಗ ಗಳಿಸ್ಯಾನ?
ಮನಿ ಹೆಂಡ್ತಿದು, ಲಾರಿ ಅಳಿಯಂದು,
ಅವನ ಹೆಸರಿಗೆ ಸಾಲ ಒಂದೇ.
ಸಾಫ್ ಚೀಟಿ ಇರೋದು ನಿಂದು."
ಹೌದು. ಪ್ರತಿ ತಿಂಗಳೂ, ಪೈಸೆ ಸಹಿತ.
ಸುಮ್ಮನೆ ಉಂಡೆ.

ಹೊರಗೆ ತಂತಿಯ ಮೇಲೆ ಮಗನ ಜೀನ್ಸು ಒಣಗುತ್ತಿತ್ತು.
ಹಿಂದಿನ ಜೇಬಿನ ಜೋಡಿಹೊಲಿಗೆಯ ಗುಂಟ
ಬೆರಳಾಡಿಸಿದೆ ಕತ್ತಲಲ್ಲಿ. ಎಲ್ಲೂ ತಪ್ಪಿರಲಿಲ್ಲ.
ತಪ್ಪಿದ್ದರೆ ಅವಳ ಕೂಲಿಯಲ್ಲಿ ಮುರಿಯುತ್ತಾರಂತೆ,
ಅದಕ್ಕೆ ರಸೀದಿಯೂ ಇಲ್ಲ.

ಐದನೆಯ ದಿನ ಅದೇ ಮೊಪೆಡ್ಡು, ಅದೇ ಗಂಟು.
ತಲೆಯ ಮೇಲೆ ಯಾರದೋ ದೊಡ್ಡ ಹೆಲ್ಮೆಟ್ಟು,
ಹುಬ್ಬಿನವರೆಗೆ ಜಾರಿ, ಗಡಗಡ ಅಲುಗುತ್ತ.
ಕೈ ಅಡ್ಡ ಹಿಡಿಯಲಿಲ್ಲ ನಾನು.
ಅವಳೇ ವೇಗ ತಗ್ಗಿಸಿದಳು, ನನ್ನ ನೋಡಿ
ಎಡಗೈ ಎತ್ತಿದಳು: ನೀಲಿ ಬೆರಳು,
ಎರಡಲ್ಲ, ಮೂರು.

ಕರೆಂಟು ಹೋಗಿರಬೇಕು.